ಜರ್ಮನಿ ಬಯರ್, ಇಂಗ್ಲೆಂಡ್ ಕಾನೂನು, ಹ್ಯಾಂಬರ್ಗ್ ಕೋರ್ಟು: ಷರತ್ತು ನಿಲ್ಲುತ್ತಾ?

ಕುಣಿಗಲ್‌ನಿಂದ ಪ್ರಶ್ನೆ: ನಮ್ದು ಮಿಡಿಸೌತೆ ಯೂನಿಟ್ಟು, ವಿನೆಗರ್ ಹಾಕಿ ಡ್ರಮ್ಮಲ್ಲಿ ಎಕ್ಸ್‌ಪೋರ್ಟ್ ಮಾಡ್ತೀವಿ. ಜರ್ಮನಿ ಬಯರ್ ಕಳಿಸಿರೋ ಅಗ್ರಿಮೆಂಟಲ್ಲಿ ಕಾನೂನು ಇಂಗ್ಲೆಂಡಿಂದು, ಕೇಸು ಮಾತ್ರ ಹ್ಯಾಂಬರ್ಗ್ ಕೋರ್ಟಲ್ಲೇ ಹಾಕ್ಬೇಕು ಅಂತಿದೆ. ಈ ಕೋರ್ಟಿನ ಷರತ್ತು ವ್ಯಾಲಿಡ್ಡಾ ಅಲ್ವಾ ಅಂತ ಯಾವ ದೇಶದ ಕಾನೂನು ಹಿಡ್ಕೊಂಡು ಹೇಳ್ತಾರೆ? ಗೊತ್ತಿರೋರು ಹೇಳಿ.

ತುಮಕೂರಿನ ವಕೀಲರು: ಸಾರ್, ಇಂಗ್ಲೆಂಡ್ ಕಾನೂನು ಅಂತ ಬರ್ದಿರೋದು ಮಾಲು, ಕ್ವಾಲಿಟಿ, ಪೇಮೆಂಟಿಗೆ. ಕೋರ್ಟಿನ ಷರತ್ತನ್ನ ಬೇರೆ ಒಪ್ಪಂದ ಅಂತಲೇ ನೋಡ್ತಾರೆ, ಅಗ್ರಿಮೆಂಟ್ ಬಿದ್ದೋದ್ರೂ ಅದು ತಾನಾಗೇ ಬೀಳಲ್ಲ. ನೀವು ಯಾವ ಕೋರ್ಟಿನ ಮುಂದೆ ನಿಂತು ಈ ಪ್ರಶ್ನೆ ಎತ್ತುತೀರ ಅನ್ನೋದರ ಮೇಲೆ ಉತ್ತರ ಬದಲಾಗುತ್ತೆ. ಹ್ಯಾಂಬರ್ಗಲ್ಲಿ ಎತ್ತಿದ್ರೆ ಕೇಸು ಯಾವ ದೇಶದ ಕೋರ್ಟಲ್ಲಿ ನಡೀಬೇಕು ಅಂತ ಹೇಳೋ ಯುರೋಪಿಯನ್ ಒಕ್ಕೂಟದ 1215/2012 ನಿಯಮದ 25ನೇ ಕಲಂ, ನೀವು ತುಮಕೂರಿನವರಾದ್ರೂ ಅದೇ. ಬರವಣಿಗೆಲಿ ಇದೆಯಾ, ಇಲ್ಲ ನಿಮ್ಮಿಬ್ಬರ ನಡುವೆ ಮೊದಲಿಂದ ನಡ್ಕೊಂಡು ಬಂದಿರೋ ಪದ್ಧತಿನಾ ಅನ್ನೋದನ್ನ ಆ ಕಲಮೇ ನೋಡ್ಕೊಳ್ಳುತ್ತೆ. ಮೋಸ ಮಾಡಿ ಸಹಿ ಹಾಕಿಸ್ಕೊಂಡ್ರು ಅನ್ನೋ ಥರದ ತಕರಾರಿಗೆ ಆಯ್ಕೆ ಮಾಡಿರೋ ಕೋರ್ಟಿನ ದೇಶದ, ಅಂದ್ರೆ ಜರ್ಮನಿ ಕಾನೂನು. ಆದ್ರೆ ಅದರಲ್ಲಿ, ಎರಡು ದೇಶದ ವ್ಯವಹಾರಕ್ಕೆ ಯಾರ ಕಾನೂನು ಅಂತ ಹೇಳೋ ಜರ್ಮನಿ ನಿಯಮಗಳೂ ಸೇರುತ್ತೆ, ಹಂಗಾಗಿ ಸುತ್ತಿ ಬಳಸಿ ವಾಪಸ್ ಇಂಗ್ಲೆಂಡ್ ಕಾನೂನಿಗೇ ಬಂದು ನಿಂತ್ರೂ ನಿಲ್ಲಬಹುದು. ಇಂಥ ಕೋರ್ಟು ಆಯ್ಕೆ ಷರತ್ತುಗಳ ಬಗ್ಗೆ ದೇಶಗಳು ಮಾಡ್ಕೊಂಡಿರೋ 2005ರ ಹೇಗ್ ಒಪ್ಪಂದದಲ್ಲೂ ಹೆಚ್ಚುಕಮ್ಮಿ ಇದೇ ಸೂತ್ರ, ಭಾರತ ಅದಕ್ಕೆ ಸೇರಿಲ್ಲ.

ವೇಮಗಲ್‌ನಿಂದ, ಆಟೋ ಪಾರ್ಟ್ಸ್: ಅಣ್ಣ, ಷರತ್ತು ಒನ್‌ಸೈಡ್ ಇದೆಯಾ ನೋಡ್ಕೊಳ್ಳಿ. ನಮಗೆ ಬಂದಿದ್ದ ಡ್ರಾಫ್ಟಲ್ಲಿ ನಾವು ಅವರೂರಲ್ಲೇ ಹಾಕ್ಬೇಕು, ಅವರು ಮಾತ್ರ ಪ್ರಪಂಚದಲ್ಲಿ ಎಲ್ಲಿ ಬೇಕಾದ್ರೂ ಹಾಕ್ಬಹುದು ಅಂತಿತ್ತು. ಇಂಥದ್ದೇ ಒಂದು ಇಟಲಿ ಸಪ್ಲೈಯರ್, ಫ್ರಾನ್ಸ್ ಬಯರ್ ಜಗಳದಲ್ಲಿ 2025ರ ಫೆಬ್ರವರಿಲಿ ಯುರೋಪಿನ ನ್ಯಾಯಾಲಯ ಹೇಳಿದ್ದು, ಒನ್‌ಸೈಡ್ ಅನ್ನೋದಕ್ಕೇ ಷರತ್ತು ಬೀಳಲ್ಲ, ಯಾವ ಕೋರ್ಟುಗಳು ಅಂತ ಸ್ಪಷ್ಟವಾಗಿ ಗೊತ್ತಾಗ್ಬೇಕು ಅಂತ, ಅದನ್ನೂ ದೇಶದ ಕಾನೂನು ನೋಡಿ ಅಲ್ಲ, 25ನೇ ಕಲಮಿನ ಅಳತೆಲೇ. ನಾವು ಆ ಸಾಲು ಹೊಡೆದು ಕಳಿಸಿದ್ವಿ, ಬಯರ್ ತುಟಿಪಿಟಿಕ್ ಅನ್ನಲಿಲ್ಲ. ಕೇಳಿದ್ರೆ ಕೊಡ್ತಾರೆ, ನಮ್ಮೋರು ಕೇಳಲ್ಲ ಅಷ್ಟೇ.

ಚಿಂತಾಮಣಿಯಿಂದ: ಇನ್ವಾಯ್ಸ್ ಕೆಳಗೆ ಸಣ್ಣ ಅಕ್ಷರದಲ್ಲಿ ‘ಸಬ್ಜೆಕ್ಟ್ ಟು ತುಮಕೂರು ಜೂರಿಸ್ಡಿಕ್ಷನ್’ ಅಂತ ಪ್ರಿಂಟ್ ಹಾಕ್ಸಿರ್ತೀವಲ್ಲ, ಅದು ಉಪಯೋಗಕ್ಕೆ ಬರಲ್ವಾ?

ತುಮಕೂರಿನ ವಕೀಲರು: ಬಯರ್ ಸಹಿ ಹಾಕಿರೋ ಅಗ್ರಿಮೆಂಟ್ ಮುಂದೆ ಅದನ್ನ ಜಾಸ್ತಿ ನಂಬ್ಕೋಬೇಡಿ. 1989ರ ಎಬಿಸಿ ಲ್ಯಾಮಿನಾರ್ಟ್ ಕೇಸಲ್ಲಿ ಗುಜರಾತಿನ ‘ಖೇಡಾ ಜೂರಿಸ್ಡಿಕ್ಷನ್’ ಅಂತಿತ್ತು, ಆದ್ರೂ ತಮಿಳುನಾಡಿನ ಸೇಲಂ ಕೋರ್ಟಿನ ಅಧಿಕಾರ ಹೋಗಲ್ಲ ಅಂತ ನಮ್ಮ ಸುಪ್ರೀಂ ಕೋರ್ಟು ಅಂತು. 2013ರ ಸ್ವಸ್ತಿಕ್ ಗ್ಯಾಸಸ್ ತೀರ್ಪು ‘ಮಾತ್ರ’ ಅನ್ನೋ ಪದ ಇಲ್ದಿದ್ರೂ ಪಾರ್ಟಿಗಳ ಉದ್ದೇಶ ನೋಡ್ಬೇಕು ಅಂತು. ವಿದೇಶಿ ಕೋರ್ಟಿನ ಷರತ್ತಿನ ಪ್ರಶ್ನೆನ ಭಾರತದ ಕೋರ್ಟಲ್ಲಿ ಎತ್ತಿದ್ರೆ ಏನಾಗುತ್ತೆ ಅನ್ನೋದಕ್ಕೆ 2003ರ ಮೋದಿ ಎಂಟರ್‌ಟೇನ್‌ಮೆಂಟ್ ಕೇಸು ಓದಿ, ಕ್ರಿಕೆಟ್ ಪ್ರಸಾರದ ಜಗಳ. ಇಲ್ಲಿನ ಕೋರ್ಟಿಗೆ ಇಲ್ಲದ ಅಧಿಕಾರನ ಒಪ್ಪಂದದಲ್ಲಿ ಕೊಡೋಕಾಗಲ್ಲ, ಆದ್ರೆ ಹೊರದೇಶದ ತಟಸ್ಥ ಕೋರ್ಟಿಗೆ ಒಪ್ಪಿದ್ರೆ ಸುಮ್ನೆ ಜಾರಿಕೊಳ್ಳಕ್ಕಾಗಲ್ಲ, ಗಟ್ಟಿ ಕಾರಣ ಬೇಕು. ಇನ್ನೊಂದು, ನಮ್ಮ ಸಿವಿಲ್ ಪ್ರಕ್ರಿಯಾ ಸಂಹಿತೆ (ಸಿಪಿಸಿ) 44ಎ ಪ್ರಕಾರ ಕೆಲವು ದೇಶಗಳ ತೀರ್ಪನ್ನ ಇಲ್ಲಿ ನೇರವಾಗಿ ಜಾರಿ ಮಾಡಿಸ್ಬಹುದು, ಆ ಪಟ್ಟಿಲಿ ಜರ್ಮನಿ ಇಲ್ಲ. ಹ್ಯಾಂಬರ್ಗ್ ತೀರ್ಪನ್ನ ನಿಮ್ಮ ಮೇಲೆ ಜಾರಿ ಮಾಡಿಸ್ಬೇಕಂದ್ರೆ ಅವರು ಇಲ್ಲಿ ಮತ್ತೆ ದಾವೆ ಹಾಕ್ಬೇಕು, ಮೂರು ವರ್ಷದೊಳಗೆ. ಅದಕ್ಕೇ ಸುಮಾರು ಜನ ಕೋರ್ಟು ಬಿಟ್ಟು ಆರ್ಬಿಟ್ರೇಷನ್‌ಗೆ (ಮಧ್ಯಸ್ಥಿಕೆ) ಹೋಗೋದು, ಬೇರೆ ದೇಶದ ಮಧ್ಯಸ್ಥಿಕೆ ತೀರ್ಪನ್ನ ಒಪ್ಪಿ ಜಾರಿ ಮಾಡೋ 1958ರ ನ್ಯೂಯಾರ್ಕ್ ಒಪ್ಪಂದದಲ್ಲಿ ಎರಡೂ ದೇಶ ಇವೆ.

ಪ್ರಶ್ನೆ ಕೇಳಿದವರು: ತುಂಬಾ ಥ್ಯಾಂಕ್ಸ್ ಸಾರ್. ಈಗ ಅವರ ಪರ್ಚೇಸ್ ಆರ್ಡರ್ ಹಿಂದೆ ತಿರುಗಿಸಿ ನೋಡಿದ್ರೆ ಅಲ್ಲಿ ಮ್ಯೂನಿಕ್ ಕೋರ್ಟ್ ಅಂತಿದೆ!

ತುಮಕೂರಿನ ವಕೀಲರು: ಹಂಗಿದ್ರೆ ಮೊದಲು ಅದನ್ನೇ ಕೇಳಿ ಮೇಲ್ ಹಾಕಿ, ಎರಡರಲ್ಲಿ ಯಾವುದು ಮೇಲು ಅಂತ ಅಗ್ರಿಮೆಂಟಲ್ಲೇ ಒಂದು ಸಾಲು ಬರೆಸಿ. ಅಲ್ಲೀವರೆಗೂ ಸಹಿ ಹಾಕ್ಬೇಡಿ.