ಸಹಾಯ ಬೇಕು: ಟೆನ್ಸೈಲ್ ಟೆಸ್ಟ್‌ನಲ್ಲಿ ಸ್ಪೆಸಿಮನ್ ಗೇಜ್ ಲೆಂಗ್ತ್ ಹೊರಗೆ ಮುರಿಯುತ್ತಿದೆ

ನಮಸ್ಕಾರ. ಟೆನ್ಸೈಲ್ ಟೆಸ್ಟ್ (ತುಂಡನ್ನು ಮುರಿಯುವವರೆಗೆ ಎಳೆಯುವ ಪರೀಕ್ಷೆ) ಮಾಡುತ್ತಿದ್ದೇವೆ. ಸ್ಪೆಸಿಮನ್ ಮೈಲ್ಡ್ ಸ್ಟೀಲ್, ವ್ಯಾಸ 12.5 ಮಿ.ಮೀ., ಗೇಜ್ ಲೆಂಗ್ತ್ (ಹಿಗ್ಗುವಿಕೆ ಅಳೆಯಲು ಗುರುತು ಹಾಕಿದ ಭಾಗ) 50 ಮಿ.ಮೀ. ಆರರಲ್ಲಿ ನಾಲ್ಕು ಸ್ಪೆಸಿಮನ್ ಮೇಲಿನ ಫಿಲೆಟ್‌ನಿಂದ (ದಪ್ಪ ತುದಿ ಸಣ್ಣ ನಡುಭಾಗಕ್ಕೆ ಸೇರುವ ಬಾಗು) 3 ಮಿ.ಮೀ. ದೂರದಲ್ಲೇ ತುಂಡಾಗಿವೆ. ಕತ್ತು (ಮುರಿಯುವ ಮುನ್ನ ಸಣ್ಣಗಾಗುವ ಜಾಗ) ಗುರುತಿನ ಹೊರಗೆ ಬೀಳುವುದರಿಂದ ಎಲಾಂಗೇಷನ್ (ಹಿಗ್ಗಿದ ಪ್ರಮಾಣ) ಶೇಕಡಾವಾರು ನಂಬುವಂತಿಲ್ಲ.

ಮೊದಲು ಫಿಲೆಟ್ ಮೇಲೆಯೇ ಅನುಮಾನ ಬಂತು. ತ್ರಿಜ್ಯ 10 ಮಿ.ಮೀ. ಇದೆ, ಟೂಲ್ ಗೀರುಗಳನ್ನು ಉದ್ದಕ್ಕೆ ಉಜ್ಜಿ ತೆಗೆದಾಗಿದೆ, ನಡುಭಾಗವನ್ನು 0.1 ಮಿ.ಮೀ. ಸಣ್ಣ ಮಾಡಿದ್ದೂ ಆಯಿತು. ಆದರೂ ಅದೇ ಕಥೆ.

ಗ್ರಾಫ್‌ನಲ್ಲಿ ಇನ್ನೊಂದು ಸುಳಿವಿದೆ: ಅಪ್ಪರ್ ಯೀಲ್ಡ್ ಪಾಯಿಂಟ್‌ನ (ಉಕ್ಕು ಶಾಶ್ವತವಾಗಿ ಹಿಗ್ಗಲು, ಅಂದರೆ ಯೀಲ್ಡ್ ಆಗಲು ಶುರುವಾಗುವ ಬಿಂದು) ಚೂಪು ತುದಿ ಕಾಣುವುದೇ ಇಲ್ಲ, ಗೆರೆ ಮೆತ್ತಗೆ ಬಾಗಿ ಸಮತಟ್ಟಾಗುತ್ತದೆ. ಒಂದು ಬದಿ ಮೊದಲೇ ಯೀಲ್ಡ್ ಆದರೆ ಹೀಗಾಗುತ್ತದೆ. ಮುರಿದ ಮುಖದಲ್ಲೂ ಕಪ್‌ನ (ಬಟ್ಟಲಿನಂಥ ಕುಳಿ) ಅಂಚು ಒಂದು ಕಡೆ ಎತ್ತರ, ಇನ್ನೊಂದು ಕಡೆ ಬಹುತೇಕ ಇಲ್ಲವೇ ಇಲ್ಲ.

120 ಡಿಗ್ರಿ ಅಂತರದಲ್ಲಿ ಮೂರು ಸ್ಟ್ರೇನ್ ಗೇಜ್ (ಹಿಗ್ಗುವಿಕೆ ಅಳೆಯುವ ಪಟ್ಟಿ) ಅಂಟಿಸಿ 15 ಕಿಲೋನ್ಯೂಟನ್ ಭಾರ ಹಾಕಿದಾಗ ಬಂದ ರೀಡಿಂಗ್ 720, 590, 520 ಮೈಕ್ರೋಸ್ಟ್ರೇನ್ (ಉದ್ದದ ಹತ್ತು ಲಕ್ಷದಲ್ಲೊಂದು ಭಾಗದಷ್ಟು ಹಿಗ್ಗುವಿಕೆ). ಸರಾಸರಿ 610, ಲೆಕ್ಕಕ್ಕೆ ಸರಿಯಾಗಿದೆ. ಆದರೆ ಬಾಗುವಿಕೆಯಿಂದ ಬರುವ ಸ್ಟ್ರೇನ್ ಸರಾಸರಿಯ ಸುಮಾರು ಶೇ. 19. ಸ್ಪೆಸಿಮನ್ 120 ಡಿಗ್ರಿ ತಿರುಗಿಸಿದರೂ ಹೆಚ್ಚಿನ ರೀಡಿಂಗ್ ಮಷಿನ್‌ನ ಹಿಂಬದಿಯಲ್ಲೇ ಉಳಿಯುತ್ತದೆ. ಅಂದರೆ ತಪ್ಪು ಸ್ಪೆಸಿಮನ್‌ದಲ್ಲ.

ವೆಜ್ ಗ್ರಿಪ್‌ನ (ಸ್ಪೆಸಿಮನ್ ತುದಿಯನ್ನು ಬೆಣೆಯಂತೆ ಹಿಡಿಯುವ ಭಾಗ) ದವಡೆಗಳು ಸಮನಾಗಿ ಕೂರುತ್ತಿಲ್ಲವೋ, ಗೋಳಾಕಾರದ ಸೀಟ್ (ಎಳೆತ ನೇರವಾಗಲು ಗ್ರಿಪ್ ಹೊರಳುವ ಆಸನ) ಬಿಗಿದುಕೊಂಡಿದೆಯೋ? ಮಷಿನ್ ಬಿಚ್ಚದೆ ಇವೆರಡನ್ನು ಬೇರ್ಪಡಿಸಿ ನೋಡುವುದು ಹೇಗೆ? ಇದನ್ನು ಸರಿಪಡಿಸಿದವರು ದಯವಿಟ್ಟು ಹಂತ ಹಂತವಾಗಿ ತಿಳಿಸಿ.