ಯಕ್ಷಗಾನದ ರಾತ್ರಿ ಚಿತ್ರಗಳಲ್ಲಿ ಕಪ್ಪು ಪಟ್ಟಿ, ಮಸುಕು ಮುಖ: ಬದಲಿಸಬೇಕಾದ್ದು ಬಾಡಿಯೋ ಲೆನ್ಸೋ?

ಕೇದಗೆಮುಂದಲೆ:

ಕ್ಯಾಮೆರಾ ಕ್ಯಾನನ್ ಆರ್50. ಲೆನ್ಸ್ ಜೊತೆಗೇ ಬಂದ ಎರಡು: 18-45 ಎಂಎಂ ಎಫ್/4.5-6.3 ಮತ್ತು 55-210 ಎಂಎಂ ಎಫ್/5-7.1 (ಎಫ್ ಅಂಕಿ ಹೆಚ್ಚಾದಷ್ಟು ಒಳಗೆ ಬರುವ ಬೆಳಕು ಕಡಿಮೆ). ಬಯಲಾಟದ ಫೋಟೋಗಳಿಗೆ ಬಳಸುತ್ತಿದ್ದೇನೆ. ರಂಗಸ್ಥಳದಿಂದ ಸುಮಾರು 8 ಮೀಟರ್ ದೂರ. ಬೆಳಕೆಲ್ಲ ಎಲ್‌ಇಡಿ, ಕೆಲವು ಕಡೆ ಹಿಂದೆ ಎಲ್‌ಇಡಿ ಪರದೆಯೂ ಇರುತ್ತದೆ.

ತೊಂದರೆ ಹೀಗಿದೆ. ಸದ್ದಾಗಬಾರದೆಂದು ಸೈಲೆಂಟ್ ಶಟರ್ ಹಾಕಿದರೆ ಚಿತ್ರದ ಅಡ್ಡಕ್ಕೆ ಮೂರು ನಾಲ್ಕು ಕಪ್ಪು ಪಟ್ಟಿ ಬರುತ್ತವೆ. ಮುಖ ತುಂಬಿಸಲು 210 ಎಂಎಂಗೆ ಹೋದರೆ ಎಫ್/7.1, ಶಟರ್ 1/80 ಸೆಕೆಂಡ್, ಐಎಸ್‌ಒ 12800 (ಸೆನ್ಸರ್ ಸೂಕ್ಷ್ಮತೆ, ಏರಿಸಿದಷ್ಟು ಕಾಳುಕಾಳು, ಅಂದರೆ ನಾಯ್ಸ್). ಐಎಸ್ (ಲೆನ್ಸಿನ ನಡುಕ ತಡೆ) ಆನ್ ಇದ್ದರೂ ಕುಣಿತದ ಚಿತ್ರ ಒಂದೂ ಶಾರ್ಪ್ ಇಲ್ಲ. ಕೆಂಪು ಬೆಳಕು ಬಿದ್ದಾಗ ವೇಷದ ಕೆಂಪು ಬಟ್ಟೆಯಲ್ಲಿ ನೆರಿಗೆಯೇ ಕಾಣುವುದಿಲ್ಲ, ಬರೀ ಬಣ್ಣದ ಮುದ್ದೆ.

ಅಂಗಡಿಯಲ್ಲಿ ಕೇಳಿದರೆ ಫುಲ್ ಫ್ರೇಮ್ (ದೊಡ್ಡ ಸೆನ್ಸರ್ ಇರುವ) ಬಾಡಿ ತಗೊಳ್ಳಿ ಅನ್ನುತ್ತಾರೆ. ಬಜೆಟ್ 50 ಸಾವಿರದ ಒಳಗೆ. ಹಗಲು ಹಕ್ಕಿ ಫೋಟೋಗೂ ಆಗುವಂಥದ್ದಾದರೆ ಒಳ್ಳೆಯದು.

ರಂಗದೀಪ:

ಮೊದಲು ಪಟ್ಟಿಯ ವಿಷಯ ಮುಗಿಸೋಣ, ಅದಕ್ಕೆ ದುಡ್ಡು ಬೇಡ. ನಮ್ಮ ಕರೆಂಟು 50 ಹರ್ಟ್ಸ್. ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಹೆಚ್ಚುಕಡಿಮೆಯಾಗಿ ಉರಿಯುತ್ತದೆ, ಕಣ್ಣಿಗೆ ಗೊತ್ತಾಗುವುದಿಲ್ಲ. ಸೈಲೆಂಟ್ ಅಂದರೆ ಪೂರ್ತಿ ಎಲೆಕ್ಟ್ರಾನಿಕ್ ಶಟರ್. ಅದರಲ್ಲಿ ಸೆನ್ಸರ್ ಮೇಲಿನ ಸಾಲಿನಿಂದ ಕೆಳಗಿನ ಸಾಲಿನವರೆಗೆ ಒಂದೊಂದಾಗಿ ಓದಿಸಿಕೊಳ್ಳುತ್ತದೆ. ಈ ದರ್ಜೆಯ ಸೆನ್ಸರ್‌ಗೆ ಅದಕ್ಕೆ 1/30 ಸೆಕೆಂಡಿನ ಆಸುಪಾಸು ಬೇಕು. ಅಷ್ಟರಲ್ಲಿ ದೀಪ ಮೂರು ಸಲ ಮಂಕಾಗಿ ಮೂರು ಸಲ ಬೆಳಗಿರುತ್ತದೆ. ನಿಮ್ಮ ಮೂರು ನಾಲ್ಕು ಪಟ್ಟಿಯ ಲೆಕ್ಕ ಇದೇ. ಕ್ಯಾಮೆರಾ ಕೆಟ್ಟಿಲ್ಲ.

ಖಾತ್ರಿ ಮಾಡಿಕೊಳ್ಳಲು ಕ್ಯಾಮೆರಾವನ್ನು ಲಂಬವಾಗಿ ತಿರುಗಿಸಿ ಒಂದು ಫೋಟೋ ತೆಗೆಯಿರಿ. ಪಟ್ಟಿಯೂ ಜೊತೆಗೆ ತಿರುಗಿ ನಿಂತರೆ ಅದು ದೀಪದ ಮಿಣುಕು. ತಿರುಗದಿದ್ದರೆ ರಂಗಸ್ಥಳದ ಮೇಲೆ ಬಿದ್ದಿರುವ ನಿಜವಾದ ನೆರಳು.

ಮಾಡಬೇಕಾದ್ದು:

1. ಸೈಲೆಂಟ್ ಶಟರ್ ತೆಗೆದು ಶಟರ್ ಮೋಡನ್ನು ಎಲೆಕ್ಟ್ರಾನಿಕ್ ಫಸ್ಟ್ ಕರ್ಟನ್‌ಗೆ ತನ್ನಿ. ಅದರಲ್ಲಿ ಶುರು ಎಲೆಕ್ಟ್ರಾನಿಕ್, ಕೊನೆಗೆ ಮುಚ್ಚುವುದು ನಿಜವಾದ ಶಟರ್ ಪರದೆ. ಆರ್50ಯಲ್ಲಿ ಪೂರ್ಣ ಮೆಕ್ಯಾನಿಕಲ್ ಶಟರ್ ಇಲ್ಲ, ಇರುವುದರಲ್ಲಿ ಇದೇ ಸರಿ. ಟಕ್ ಅಂತ ಸದ್ದಾಗುತ್ತದೆ, ಆಗಲಿ. ಚೆಂಡೆಯ ಮುಂದೆ ಅದು ಯಾರಿಗೂ ಕೇಳುವುದಿಲ್ಲ.
2. ಮೆನುವಿನಲ್ಲಿ ಆ್ಯಂಟಿ-ಫ್ಲಿಕರ್ ಆನ್ ಮಾಡಿ. ದೀಪ ಪೂರ್ತಿ ಬೆಳಗುವ ಗಳಿಗೆಗೆ ಕಾದು ಕ್ಯಾಮೆರಾ ಶಟರ್ ಬಿಡುತ್ತದೆ. ಇದರಿಂದ ಬರ್ಸ್ಟ್ (ಒಂದರ ಹಿಂದೊಂದು ಚಿತ್ರ ತೆಗೆಯುವ) ವೇಗ ಸ್ವಲ್ಪ ಕುಗ್ಗುತ್ತದೆ, ಗುಂಡಿ ಒತ್ತಿದ ಮೇಲೆ ಕೂದಲೆಳೆಯಷ್ಟು ತಡವೂ ಆಗುತ್ತದೆ. ಎಲೆಕ್ಟ್ರಾನಿಕ್ ಶಟರ್ ಹಾಕಿದ್ದರೆ ಇದು ಕೆಲಸ ಮಾಡುವುದಿಲ್ಲ, ಆದ್ದರಿಂದ ಮೊದಲು 1ನೆಯದು.
3. ಭಾಗವತರು, ಅರ್ಥಗಾರಿಕೆಯ ಹೊತ್ತು, ಕೂತ ವೇಷ ಇವಕ್ಕೆ 1/100 ಇಡಿ. ದೀಪದ ಒಂದು ಸುತ್ತು ಪೂರ್ತಿ ಒಳಗೆ ಬರುವುದರಿಂದ ಪಟ್ಟಿ ಬರುವ ಪ್ರಶ್ನೆಯೇ ಇಲ್ಲ.

ಫಸ್ಟ್ ಕರ್ಟನ್‌ನಲ್ಲಿ ಶಟರ್‌ನ ಸೀಳು ಸೆನ್ಸರ್ ದಾಟಲು ಸುಮಾರು 1/200ರಿಂದ 1/300 ಸೆಕೆಂಡ್ ಸಾಕು, ದೀಪದ ಅರ್ಧ ಸುತ್ತಷ್ಟೇ. ಹಾಗಾಗಿ ಆ್ಯಂಟಿ-ಫ್ಲಿಕರ್ ಇಲ್ಲದೆ 1/500ರಲ್ಲಿ ಬರ್ಸ್ಟ್ ತೆಗೆದರೆ ಪಟ್ಟಿಯ ಬದಲು ಒಂದು ಫ್ರೇಮ್ ಬೆಳ್ಳಗೆ, ಇನ್ನೊಂದು ಹಳದಿ ಮಂಕು, ಮತ್ತೊಂದರ ಕೆಳಭಾಗ ಕತ್ತಲೆ ಹೀಗೆ ಬರುತ್ತದೆ. ಮೀಟರಿಂಗ್ ತಪ್ಪು ಅಂದುಕೊಂಡು ಎಕ್ಸ್‌ಪೋಶರ್ ಕುಟ್ಟಲು ಹೋಗಬೇಡಿ. ವ್ಯೂಫೈಂಡರ್‌ನಲ್ಲಿ ಹರಿದಾಡುವ ಪಟ್ಟಿಗೂ ತಲೆ ಕೆಡಿಸಿಕೊಳ್ಳಬೇಡಿ, ಫೈಲ್ ಮಾತ್ರ ನೋಡಿ.

ಹಿಮ್ಮೇಳ:

ಮಸುಕಿನ ಬಗ್ಗೆ ಹೇಳುವುದಾದರೆ, ಐಎಸ್ ನಿಮ್ಮ ಕೈ ನಡುಕವನ್ನು ಹಿಡಿದು ನಿಲ್ಲಿಸುತ್ತದೆ ಮಾರಾಯ್ರೆ, ಕುಣಿಯುವ ವೇಷವನ್ನಲ್ಲ. ಅಭಿನಯಕ್ಕೆ 1/200, ಸಾಮಾನ್ಯ ಕುಣಿತಕ್ಕೆ 1/400, ಧೀಂಗಿಣಕ್ಕೆ (ಹಾರಿ ಗಿರಕಿ ಹೊಡೆಯುವ ಕುಣಿತ) 1/800 ಬೇಕೇ ಬೇಕು. 1/80ರಲ್ಲಿ ಎಂಥ ಬಾಡಿ ಹಾಕಿದರೂ ಮಸುಕೇ.

ಈಗ ನಿಮ್ಮ ಅಂಗಡಿಯವರ ಸಲಹೆಯನ್ನೇ ತೂಗಿ ನೋಡುವ. ಕ್ಯಾನನ್ ಎಪಿಎಸ್-ಸಿಯಿಂದ (ನಿಮ್ಮ ಆರ್50ಯ ಸೆನ್ಸರ್ ಅಳತೆ) ಫುಲ್ ಫ್ರೇಮ್‌ಗೆ ಹೋದರೆ ಸೆನ್ಸರ್ ವಿಸ್ತೀರ್ಣ ಎರಡೂವರೆ ಪಟ್ಟು, ಅಂದರೆ ನಾಯ್ಸ್‌ನಲ್ಲಿ ಹೆಚ್ಚುಕಡಿಮೆ 1.3 ಸ್ಟಾಪ್ ಲಾಭ (ಒಂದು ಸ್ಟಾಪ್ ಅಂದರೆ ಎರಡು ಪಟ್ಟು ಬೆಳಕು). ಅದೇ ಆರ್50ಯಲ್ಲಿ ಎಫ್/7.1 ಬಿಟ್ಟು ಎಫ್/1.8ಕ್ಕೆ ಬಂದರೆ 15 ಪಟ್ಟು ಬೆಳಕು, ಸುಮಾರು 4 ಸ್ಟಾಪ್. ನಿಮ್ಮ ಲೆಕ್ಕದಲ್ಲೇ ಹೇಳುವುದಾದರೆ 1/80ರಿಂದ 1/400ಕ್ಕೆ ಏರಿದರೂ ಐಎಸ್‌ಒ 12800ರಿಂದ 4000ಕ್ಕೆ ಇಳಿಯುತ್ತದೆ. ಬಾಡಿಗೆ ಸುರಿದು ಅದಕ್ಕೆ ಮತ್ತೆ ಎಫ್/7.1 ಲೆನ್ಸ್ ಸಿಕ್ಕಿಸಿದರೆ ಎಂತ ಪ್ರಯೋಜನ?

8 ಮೀಟರ್ ದೂರದಿಂದ ಅಡ್ಡ ಹಿಡಿದಾಗ ಎಷ್ಟು ಎತ್ತರ ಕಾಣುತ್ತದೆ ಅನ್ನುವುದರ ಮೇಲೆ ಲೆನ್ಸ್ ಆರಿಸಿ:

50 ಎಂಎಂ: 2.4 ಮೀಟರ್. ಕಿರೀಟದಿಂದ ಗೆಜ್ಜೆವರೆಗೆ ಇಡೀ ವೇಷ, ಆದರೆ ಹಾರಿದರೆ ಕಿರೀಟ ಕಟ್. ಲಂಬವಾಗಿ ಹಿಡಿದರೆ 3.5 ಮೀಟರ್, ಆಗ ಹಾರಿದರೂ ಆರಾಮ.
85 ಎಂಎಂ: 1.4 ಮೀಟರ್. ಕಿರೀಟದಿಂದ ಸೊಂಟದವರೆಗೆ.
30 ಎಂಎಂ: ಅಗಲ 6 ಮೀಟರ್. ಒಡ್ಡೋಲಗಕ್ಕೆ, ನಾಲ್ಕೈದು ವೇಷ ಒಟ್ಟಿಗೆ ಬರುವಾಗ.

ನನ್ನ ಆಯ್ಕೆ 50 ಮತ್ತು 85. ಆರ್‌ಎಫ್ 50 ಎಂಎಂ ಎಫ್/1.8 ಎಸ್‌ಟಿಎಂ 160 ಗ್ರಾಂ, ಈ ಮೌಂಟಿನ (ಬಾಡಿಗೆ ಲೆನ್ಸ್ ಕೂರುವ ಜೋಡಣೆ) ಅಗ್ಗದ ಲೆನ್ಸ್‌ಗಳಲ್ಲೊಂದು, ಕಣ್ಣು ಮುಚ್ಚಿ ತಗೊಳ್ಳಿ. 85ಕ್ಕೆ ಎರಡು ದಾರಿ ಇದೆ. ಆರ್‌ಎಫ್ 85 ಎಂಎಂ ಎಫ್/2 ಮ್ಯಾಕ್ರೋ ಹೊಸದು, ಐಎಸ್ ಇದೆ, ಆದರೆ ಫೋಕಸ್ ನಿಧಾನ. ಕತ್ತಲಲ್ಲಿ ಒಮ್ಮೆ ತಪ್ಪಿದರೆ ಆಚೆ ತುದಿಯವರೆಗೆ ಹೋಗಿ ವಾಪಸ್ ಬರುತ್ತದೆ. ಪಕ್ಕದ ಸ್ವಿಚ್ಚನ್ನು 0.5 ಮೀಟರ್-ಅನಂತಕ್ಕೆ ಹಾಕಿದರೆ ಆ ಅಲೆದಾಟ ಕಡಿಮೆ. ಇನ್ನೊಂದು ಹಳೆಯ ಇಎಫ್ 85 ಎಂಎಂ ಎಫ್/1.8 ಯುಎಸ್‌ಎಂ, ಸೆಕೆಂಡ್ ಹ್ಯಾಂಡ್‌ನಲ್ಲಿ ಧಾರಾಳ ಸಿಗುತ್ತದೆ. ಇಎಫ್-ಇಒಎಸ್ ಆರ್ ಅಡಾಪ್ಟರ್ ಹಾಕಿದರೆ ಆಟೋಫೋಕಸ್ ಚುರುಕಾಗಿಯೇ ನಡೆಯುತ್ತದೆ. ಐಎಸ್ ಇಲ್ಲ, 1/400ರಲ್ಲಿ ಅದು ಬೇಡವೂ ಬೇಡ. ಇದರ ದೋಷ ಒಂದೇ: ಎಫ್/1.8ರಲ್ಲಿ ಭುಜಕೀರ್ತಿಯ ಕನ್ನಡಿ ಚೂರು, ಜರಿಯ ಅಂಚಿನಲ್ಲಿ ನೇರಳೆ ಗೆರೆ ಏಳುತ್ತದೆ. ಎಫ್/2.5ಕ್ಕೆ ಇಳಿಸಿದರೆ ಬಹುಪಾಲು ಹೋಗುತ್ತದೆ, ಉಳಿದದ್ದು ರಾ (ಕ್ಯಾಮೆರಾ ಸಂಸ್ಕರಿಸದ ಮೂಲ ಫೈಲ್) ಎಡಿಟಿಂಗ್‌ನಲ್ಲಿ.

210 ಎಂಎಂನಲ್ಲಿ ಸಿಗುತ್ತಿದ್ದ ಮುಖದ ಕ್ಲೋಸಪ್ 85ರಲ್ಲಿ ಸಿಗುವುದಿಲ್ಲ ಅನ್ನಬಹುದು. 85ರಿಂದ ಅಷ್ಟನ್ನೇ ಕ್ರಾಪ್ ಮಾಡಿದರೆ ಸುಮಾರು 2400×1600 ಪಿಕ್ಸೆಲ್ ಉಳಿಯುತ್ತದೆ. ಮೊಬೈಲಿಗೆ, ಸಣ್ಣ ಪ್ರಿಂಟಿಗೆ ಸಾಕು. ಮಸುಕಾದ 24 ಮೆಗಾಪಿಕ್ಸೆಲ್‌ಗಿಂತ ಶಾರ್ಪಾದ 4 ಮೆಗಾಪಿಕ್ಸೆಲ್ ಮೇಲು.

ಒಂದೇ ಲೆನ್ಸ್ ಸಾಕು, ಬದಲಿಸುವ ರಗಳೆ ಬೇಡ ಅಂದರೆ ಸಿಗ್ಮಾ 18-50 ಎಂಎಂ ಎಫ್/2.8. 2024ರಲ್ಲಿ ಸಿಗ್ಮಾ ಈ ಮೌಂಟಿಗೆ ಎಪಿಎಸ್-ಸಿ ಲೆನ್ಸ್ ಘೋಷಿಸಿದ ಮೇಲೆ ಆರ್‌ಎಫ್‌ನವರಿಗೂ ಸಿಗುತ್ತಿದೆ. ಆದರೆ ಎಫ್/1.8ಕ್ಕೆ ಹೋಲಿಸಿದರೆ 1.3 ಸ್ಟಾಪ್ ಕಡಿಮೆ, ಸೊಂಟದವರೆಗಿನ ಚಿತ್ರಕ್ಕೆ 50 ಎಂಎಂ ಸಾಲದು.

ಕೇದಗೆಮುಂದಲೆ:

ಶಟರ್ ಮೋಡ್ ಬದಲಿಸಿದೆ, ಆ್ಯಂಟಿ-ಫ್ಲಿಕರ್ ಹಾಕಿದೆ. ದಪ್ಪ ಪಟ್ಟಿ ಮಾಯ. 50 ಎಂಎಂ ತಂದಾಯಿತು, ವ್ಯತ್ಯಾಸ ದೊಡ್ಡದೇ ಇದೆ. ಆದರೆ ನೀಲಿ ಬೆಳಕಿನ ಪದ್ಯಗಳಲ್ಲಿ 1/500ಕ್ಕೆ ಹೋದರೆ ಮುಖದ ಮೇಲೆ ನಾಲ್ಕೈದು ನೀಲಿ-ಹಳದಿ ಪಟ್ಟಿ. ಪರದೆ ಇರುವಲ್ಲಿ ಹಿನ್ನೆಲೆಯಲ್ಲಿ ಮಾತ್ರ ಗೆರೆ, ವೇಷ ಚೆನ್ನಾಗಿದೆ. ಬಣ್ಣದ ವೇಷ (ರಾಕ್ಷಸ ಪಾತ್ರ) ಬಂದಾಗ ಫೋಕಸ್ ಮುಖ ಬಿಟ್ಟು ಎಲ್ಲೆಲ್ಲೋ ಹೋಗುತ್ತದೆ.

ರಂಗದೀಪ:

ಬಣ್ಣದ ಪಟ್ಟಿ, ಪರದೆಯ ಗೆರೆ ಎರಡೂ ಬೇರೆ ಬೇರೆ ಕಾಯಿಲೆ. ಬಣ್ಣದ ಪಟ್ಟಿ ಬರುವುದು ಡಿಮ್ ಮಾಡಿದ, ಕೆಂಪು-ಹಸಿರು-ನೀಲಿ ಸೇರಿಸಿ ಉರಿಯುವ ಆರ್‌ಜಿಬಿ ದೀಪದಿಂದ. ಡಿಮ್ ಮಾಡಲು ಆ ದೀಪ ಸೆಕೆಂಡಿಗೆ ನೂರಾರು, ಸಾವಿರಾರು ಸಲ ಆರಿ ಹೊತ್ತುತ್ತದೆ, ಅದೂ ಬಣ್ಣಕ್ಕೊಂದು ಪ್ರಮಾಣದಲ್ಲಿ. ಅದಕ್ಕೇ ಪಟ್ಟಿಗೆ ಬಣ್ಣ. ಆರ್50ಯ ಆ್ಯಂಟಿ-ಫ್ಲಿಕರ್ 100, 120 ಹರ್ಟ್ಸ್ ಬಿಟ್ಟು ಬೇರೆಯದನ್ನು ಗುರುತಿಸುವುದಿಲ್ಲ. ಉಪಾಯ ಒಂದೇ, ಶಟರ್ ನಿಧಾನ ಮಾಡುವುದು. ದೀಪ ಸಾವಿರ ಹರ್ಟ್ಸ್ ಇದ್ದರೆ 1/500ರಲ್ಲಿ ಬರೀ ಎರಡು ಸುತ್ತು ಒಳಗೆ ಬರುತ್ತದೆ, ಸ್ವಲ್ಪ ಆಚೀಚೆ ಆದರೂ ಪಟ್ಟಿ ಎದ್ದು ಕಾಣುತ್ತದೆ. 1/125ರಲ್ಲಿ ಎಂಟು ಸುತ್ತು ಬಂದು ಸಮವಾಗುತ್ತದೆ. ನೀಲಿ ಬೆಳಕಿನ ಪದ್ಯದಲ್ಲಿ ನಿಂತ ಭಂಗಿಗಳನ್ನು 1/125ರಲ್ಲಿ ತೆಗೆದು, ವೇಗದ ಕುಣಿತವನ್ನು ಬಿಳಿ ಬೆಳಕಿಗೆ ಬಿಡಿ. ಇಂಥ ವೇಗದ ಮಿಣುಕಿಗೆ ಶಟರ್ ವೇಗವನ್ನು ತೀರಾ ಸೂಕ್ಷ್ಮವಾಗಿ ಹೊಂದಿಸುವ ಸೌಲಭ್ಯ ಕ್ಯಾನನ್ ಆರ್3, ನಿಕಾನ್ ಜೆಡ್8 ಥರದ ಬಾಡಿಗಳಲ್ಲಿದೆ. ಇದಕ್ಕೋಸ್ಕರ ಅಲ್ಲಿಗೆ ಏರುವುದು ವೃತ್ತಿಯವರಿಗೆ ಮಾತ್ರ ಲಾಭ.

ಪರದೆಯ ಗೆರೆ ಪರದೆಯದ್ದೇ, ಅದು ಸಾಲುಸಾಲಾಗಿ ರಿಫ್ರೆಶ್ ಆಗುತ್ತದೆ. 1/125ರ ಕೆಳಗೆ ಕಡಿಮೆಯಾಗಬಹುದು. ಇಲ್ಲವಾದರೆ ಅರ್ಧ ಮೀಟರ್ ಪಕ್ಕಕ್ಕೆ ಸರಿದು ಪರದೆ ಫ್ರೇಮಿನ ಹೊರಗೆ ಹೋಗುವಂತೆ ಮಾಡಿ.

ಕೆಂಪು ಮುದ್ದೆಗೆ: ಹಿಸ್ಟೋಗ್ರಾಂ (ಬೆಳಕಿನ ಹಂಚಿಕೆಯ ಗ್ರಾಫ್) ಅನ್ನು ಆರ್‌ಜಿಬಿಗೆ ಬದಲಿಸಿ. ಬಿಳಿ ಗ್ರಾಫ್ ನಡುವೆ ಇದ್ದರೂ ಕೆಂಪು ಗ್ರಾಫ್ ಬಲಗಡೆ ಗೋಡೆಗೆ ಗುದ್ದಿರುತ್ತದೆ. ಅದು ಗೋಡೆ ಬಿಡುವವರೆಗೆ ಎಕ್ಸ್‌ಪೋಶರ್ ಇಳಿಸಿ, ಸಾಮಾನ್ಯವಾಗಿ ಮೂರನೇ ಎರಡರಿಂದ ಒಂದು ಸ್ಟಾಪ್. ಪಿಕ್ಚರ್ ಸ್ಟೈಲ್ ನ್ಯೂಟ್ರಲ್ ಇಟ್ಟರೆ ಗ್ರಾಫ್ ನಿಜಕ್ಕೆ ಹತ್ತಿರ. ರಾ ಕಡ್ಡಾಯ. ಆಟೋ ವೈಟ್ ಬ್ಯಾಲೆನ್ಸ್ ಬೇಡ, 4000 ಕೆಲ್ವಿನ್ ಸುತ್ತ ಒಂದಕ್ಕೆ ಕಟ್ಟಿಹಾಕಿ. ಇಲ್ಲದಿದ್ದರೆ ಒಂದೇ ಪದ್ಯದ ಹತ್ತು ಚಿತ್ರಕ್ಕೆ ಹತ್ತು ಬಣ್ಣ.

ಹಿಮ್ಮೇಳ:

ಬಣ್ಣದ ವೇಷದ ಫೋಕಸ್: ಮುಖ ತುಂಬಾ ಚುಟ್ಟಿ (ಎದ್ದು ನಿಂತ ಬಿಳಿ ಚುಕ್ಕಿಗಳ ಅಲಂಕಾರ), ಕಣ್ಣಿನ ಸುತ್ತ ಕಪ್ಪು-ಕೆಂಪು ಗೆರೆ. ಮನುಷ್ಯರ ಮುಖ ಹುಡುಕುವ ಸಾಫ್ಟ್‌ವೇರ್‌ಗೆ ಅಲ್ಲಿ ಮುಖ ಕಾಣುವುದೇ ಇಲ್ಲ. ಕೆಲವೊಮ್ಮೆ ಹಿಂದೆ ಕೂತ ಮದ್ದಳೆಯವರ ಮುಖಕ್ಕೆ ಹೋಗಿ ಅಂಟಿಕೊಳ್ಳುತ್ತದೆ. ಸಬ್ಜೆಕ್ಟ್ ಡಿಟೆಕ್ಷನ್ ‘ನನ್’ (None, ಯಾವುದೂ ಬೇಡ) ಮಾಡಿ, ಸರ್ವೋ (ಚಲಿಸುವುದನ್ನು ಹಿಂಬಾಲಿಸುವ ಫೋಕಸ್), ಒಂದೇ ಪಾಯಿಂಟ್. ಪಾಯಿಂಟನ್ನು ಎದೆಪದಕದ ಮೇಲೆ ಇಡಿ, ಅಲ್ಲಿ ಕಾಂಟ್ರಾಸ್ಟ್ ಜಾಸ್ತಿ, ಫೋಕಸ್ ತಟ್ಟನೆ ಹಿಡಿಯುತ್ತದೆ. 8 ಮೀಟರ್‌ನಲ್ಲಿ 85 ಎಂಎಂ ಎಫ್/2ಕ್ಕೆ ಸುಮಾರು 65 ಸೆಂ.ಮೀ. ಆಳ ಸಿಗುತ್ತದೆ, 50 ಎಂಎಂ ಎಫ್/1.8ಕ್ಕೆ ಒಂದೂ ಮುಕ್ಕಾಲು ಮೀಟರ್. ಎದೆಗೆ ಇಟ್ಟರೆ ಮುಖವೂ ಒಳಗೇ ಬಂತು. ಸ್ತ್ರೀವೇಷ, ಪುಂಡುವೇಷಕ್ಕೆ (ಯುವ ವೀರರ ಪಾತ್ರ) ಕಣ್ಣಿನ ಫೋಕಸ್ ವಾಪಸ್ ಹಾಕಿಕೊಳ್ಳಿ, ಅಲ್ಲಿ ಚೆನ್ನಾಗಿಯೇ ನಡೆಯುತ್ತದೆ.

ಆಟೋಫೋಕಸ್ ಅಸಿಸ್ಟ್ ದೀಪ ಆಫ್ ಇದೆಯಾ ನೋಡಿ. ಕಲಾವಿದರ ಕಣ್ಣಿಗೆ ಹೊಡೆಯುತ್ತದೆ, ಫ್ಲ್ಯಾಶ್‌ನಷ್ಟೇ ಅಪರಾಧ.

ಕೊಕ್ಕರೆಕಣ್ಣು:

ಹಕ್ಕಿಗೆ ಒಂದು ಮಾತು. ಯಕ್ಷಗಾನದ ಲೆನ್ಸ್ ಹಕ್ಕಿಗೆ ಆಗುವುದಿಲ್ಲ, ಹಕ್ಕಿಯದು ಯಕ್ಷಗಾನಕ್ಕೆ ಆಗುವುದಿಲ್ಲ. ಎರಡಕ್ಕೂ ಒಂದೇ ಹುಡುಕಿದರೆ ಎರಡೂ ಕೆಡುತ್ತದೆ. ಹಗಲಲ್ಲಿ ಬೆಳಕಿಗೆ ಬರವಿಲ್ಲ, ಹಾಗಾಗಿ ಆರ್‌ಎಫ್ 100-400 ಎಂಎಂ ಎಫ್/5.6-8 ಸಾಕು: 635 ಗ್ರಾಂ, ನಿಮ್ಮ ಬಾಡಿಯಲ್ಲಿ 640 ಎಂಎಂನಷ್ಟು ನೋಟ. ರಂಗನತಿಟ್ಟಿನಲ್ಲಿ ದೋಣಿ ಹಕ್ಕಿಗಳ ಹತ್ತಿರವೇ ಸಾಗುವುದರಿಂದ ಬಣ್ಣದ ಕೊಕ್ಕರೆಗೆ 400 ಎಷ್ಟೋ ಸಲ ಜಾಸ್ತಿಯೇ ಆಗುತ್ತದೆ, ಹಿಂದಕ್ಕೆ ಜೂಮ್ ಮಾಡಬೇಕು. ದೋಣಿ ಅಲ್ಲಾಡುವುದರಿಂದ ಕೂತ ಹಕ್ಕಿಗೂ 1/1000ದ ಕೆಳಗೆ ಬೇಡ, ಹಾರುವುದಕ್ಕೆ 1/2000.

ಸೆಕೆಂಡಿಗೆ 15 ಫ್ರೇಮ್ ಆಸೆಗೆ ಎಲೆಕ್ಟ್ರಾನಿಕ್ ಶಟರ್ ಹಾಕಬೇಡಿ. ರಂಗದೀಪ ಹೇಳಿದ ಅದೇ ಸಾಲುಸಾಲು ಓದುವಿಕೆಯಿಂದ ಮಿಂಚುಳ್ಳಿಯ ರೆಕ್ಕೆ ಬಾಳೆಎಲೆಯ ಹಾಗೆ ಬಾಗಿ ಬರುತ್ತದೆ, ಎಡಿಟಿಂಗ್‌ನಲ್ಲಿ ಸರಿಮಾಡಲಾಗದು. ಫಸ್ಟ್ ಕರ್ಟನ್‌ನಲ್ಲಿ 12 ಫ್ರೇಮ್ ಸಿಗುತ್ತದೆ, ಸಾಕು. ಹಗಲಲ್ಲಿ 50 ಎಂಎಂ ಹಾಕಿ ಎಫ್/1.8, 1/4000 ಅಂತ ಹೋದರೆ ಹಿನ್ನೆಲೆಯ ಬೆಳಕಿನ ಚುಕ್ಕಿಗಳು ಅರ್ಧ ಕತ್ತರಿಸಿದಂತೆ ಕಾಣಬಹುದು, ಅದು ಫಸ್ಟ್ ಕರ್ಟನ್‌ನ ಗುಣ. ಆಗ ಮಾತ್ರ, ಅಲ್ಲಾಡದ ವಸ್ತುವಿಗೆ, ಎಲೆಕ್ಟ್ರಾನಿಕ್ ಹಾಕಿ.

ಕೇದಗೆಮುಂದಲೆ:

ಎದೆಪದಕದ ಉಪಾಯ ಕೆಲಸ ಮಾಡಿತು. ನೀಲಿ ಪದ್ಯಕ್ಕೆ 1/125 ಸರಿಹೋಯಿತು, ಕೈ ಮಾತ್ರ ಸ್ವಲ್ಪ ಮಸುಕು. ಇಎಫ್ 85 ಸೆಕೆಂಡ್ ಹ್ಯಾಂಡ್ ಒಂದು ನೋಡಿದ್ದೇನೆ. ಕೊಳ್ಳುವ ಮೊದಲು ಏನು ಪರೀಕ್ಷಿಸಬೇಕು?

ಹಿಮ್ಮೇಳ:

ಎರಡೂ ಮುಚ್ಚಳ ತೆಗೆದು ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟು ಮುಂದಿನಿಂದ ಓರೆಯಾಗಿ ನೋಡಿ. ನಾಲ್ಕು ಧೂಳಿನ ಕಣ ಇದ್ದರೆ ಚಿಂತೆ ಇಲ್ಲ. ಜೇಡರ ಬಲೆಯಂಥ ಎಳೆ ಕಂಡರೆ ಫಂಗಸ್, ಎಷ್ಟು ಅಗ್ಗವಾದರೂ ಬಿಡಿ. ಕರಾವಳಿಯ ಮಳೆಗಾಲದಲ್ಲಿ ಅದು ಹಬ್ಬುತ್ತದೆ. ಆಮೇಲೆ ನಿಮ್ಮದೇ ಬಾಡಿ, ಅಡಾಪ್ಟರ್ ಹಾಕಿ ಎಫ್/8ರಲ್ಲಿ ಬರ್ಸ್ಟ್ ತೆಗೆಯಿರಿ. ಫ್ರೇಮಿನಿಂದ ಫ್ರೇಮಿಗೆ ಬೆಳಕು ಬದಲಾದರೆ ಅಪರ್ಚರ್ ಎಲೆಗಳಿಗೆ ಎಣ್ಣೆ ಹತ್ತಿದೆ ಅಂತ. ಈ ಪರೀಕ್ಷೆಯನ್ನು ಬಿಸಿಲಲ್ಲಿ ಮಾಡಿ, ಟ್ಯೂಬ್‌ಲೈಟ್ ಕೆಳಗಲ್ಲ. ಫೋಕಸ್ ಹತ್ತಿರದಿಂದ ದೂರಕ್ಕೆ ನಾಲ್ಕೈದು ಸಲ ಓಡಿಸಿ, ಕರಕರ ಸದ್ದು ಬರಬಾರದು. ಆರ್50ಗೆ ಎಲ್‌ಪಿ-ಇ17 ಬ್ಯಾಟರಿ ಇನ್ನೆರಡು ಈಗಲೇ ತಗೊಳ್ಳಿ, ಇಡೀ ರಾತ್ರಿಯ ಆಟಕ್ಕೆ ಒಂದು ಬ್ಯಾಟರಿ ಸಾಲುವುದಿಲ್ಲ.