ಪದ ಬೇಕು: ಮಾದರಿ ರೈಲಿನ ಸ್ವಿಚ್ ಮೆಷಿನ್ ಮತ್ತು ಅದರ ಚಿಲ್ಲರೆ ಸಾಮಾನು (ತುರ್ತು)

ಗೆಳೆಯರೇ,

ಮಾದರಿ ರೈಲು ಕಟ್ಟುವ ಹವ್ಯಾಸಿಗಳಿಗಾಗಿ ರಿಪೇರಿ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳಿದ್ದು ಅಚ್ಚಿಗೆ ಕೊಡಬೇಕು, ಒಂದು ಅಧ್ಯಾಯ ಮಾತ್ರ ಪದ ಸಿಗದೆ ನಿಂತಿದೆ. ಹಳಿ ಕವಲೊಡೆಯುವ ಕಡೆ ಚೂಪುತುದಿಯ ಎರಡು ಹಳಿಗಳನ್ನು ಅತ್ತಿತ್ತ ಸರಿಸುವ ಪುಟ್ಟ ಯಂತ್ರವಿದೆಯಲ್ಲ, ಅಮೆರಿಕದವರು ‘ಸ್ವಿಚ್ ಮೆಷಿನ್’, ಬ್ರಿಟನ್ನಿನವರು ‘ಪಾಯಿಂಟ್ ಮೋಟರ್’ ಅನ್ನುವುದು, ಅದಕ್ಕೆ ಏನನ್ನೋಣ?

ಅದಕ್ಕಿಂತ ತುರ್ತು ಅದರ ಸಣ್ಣಪುಟ್ಟ ಸಾಮಾನಿನದು. ಯಂತ್ರ ಬಿಚ್ಚಿದಾಗ ನೆಲಕ್ಕುರುಳಿ ಕಾಣೆಯಾಗುವುದು ಸ್ಕ್ರೂ, ವಾಷರ್, ಸ್ಪ್ರಿಂಗ್, ಪಿನ್, ಕ್ಲಿಪ್. ಬದಲಿ ಹುಡುಕುವವರು ಈ ಅಧ್ಯಾಯದ ಪಟ್ಟಿ ಹಿಡಿದೇ ಹುಡುಕುತ್ತಾರೆ. ಸದ್ಯಕ್ಕೆ ‘ಸ್ಕ್ರೂ’ಗೆ ತಿರುಪು, ‘ವಾಷರ್’ಗೆ ಬಿಲ್ಲೆ, ‘ಸ್ಪ್ರಿಂಗ್’ಗೆ ಸುರುಳಿ ಎಂದು ಬರೆದಿಟ್ಟಿದ್ದೇನೆ. ಸರಿಯೇ?

* * *

> ಅದಕ್ಕೆ ಏನನ್ನೋಣ?

ಹಳಿಮಾರುಕ. ‘ಸ್ವಿಚ್’ ಎಂದರೆ ಓದುಗರು ಗೋಡೆಯ ಮೇಲಿನ ಗುಂಡಿ ಹುಡುಕುತ್ತಾರೆ.

ಹಳಿ ಒಡೆಯುವ ಜಾಗಕ್ಕೆ ‘ಹಳಿಗವಲು’ ಅನ್ನಿ, ‘ಕವಲುಹಳಿ’ ಬೇಡ. ಕವಲುಹಳಿ ಎಂದರೆ ಕವಲಾಗಿ ಹೋದ ಹಳಿ, ಹಳಿಗವಲು ಎಂದರೆ ಹಳಿ ಕವಲೊಡೆದ ಎಡೆ. ಉತ್ತರಪದ ಯಾವುದೆಂದು ನೋಡದೆ ಸಮಾಸ ಮಾಡುವುದರಿಂದಲೇ ನಮ್ಮ ಹೊಸ ಪದಗಳು ಕುಂಟುತ್ತಿವೆ.

* * *

‘ಹಳಿಮಾರುಕ’ ಎಂದರೆ ಹಳಿ ಮಾರುವವನು. ಬಿಡಿ.

ಪಾಯಿಂಟ್ಸ್‌ಮನ್ ಎಂಬ ಮಾತು ರೈಲಿನ ಕೆಲಸದವರ ಬಾಯಲ್ಲಿದೆ. ‘ಪಾಯಿಂಟ್ ಮೋಟರು’ ಅನ್ನಿ, ಮುಗಿಯಿತು. ತಿರುಗುವ ಮೋಟರಿಲ್ಲದೆ, ತಂತಿ ಸುತ್ತಿದ ಕಾಯಿಲಿನಿಂದ ಎಳೆಯುವ ಬಗೆಯನ್ನೂ ಬ್ರಿಟನ್ನಿನವರು ಮೋಟರ್ ಎಂದೇ ಕರೆಯುತ್ತಾರೆ, ಹಾಗಾಗಿ ‘ಅದು ಮೋಟರೇ ಅಲ್ಲ’ ಎಂಬ ತಕರಾರೂ ಬೇಡ. ಹಳಿಗವಲು ಚೆನ್ನಾಗಿದೆ, ಉಳಿಸಿಕೊಳ್ಳಿ.

ಪಿನ್, ಕ್ಲಿಪ್ ಎರಡಕ್ಕೂ ನಮ್ಮಲ್ಲೇ ಪದವಿದೆ: ಕಡಾಣಿ. ಗಾಡಿಯ ಅಚ್ಚಿನ ತುದಿಗೆ ತೂರಿಸಿ ಗಾಲಿ ಕಳಚದಂತೆ ಹಿಡಿಯುವುದು. ಕಡೆ + ಆಣಿ. ತಮಿಳಿನ ಕಡೈಯಾಣಿಯೂ ಇದೇ. ಇಷ್ಟು ಹಳೆಯ, ಇಷ್ಟು ಗಟ್ಟಿ ಪದ ಮನೆಯಲ್ಲಿರುವಾಗ ‘ಪಿನ್’ ಏಕೆ?

* * *

ಆಣಿ ಋಗ್ವೇದದಲ್ಲೇ ಇದೆ, ರಥದ ಗಾಲಿಯ ಕೀಲು ಎಂಬ ಅರ್ಥದಲ್ಲೇ. ‘ನಮ್ಮಲ್ಲೇ’ ಅನ್ನುವ ಮುಂಚೆ ನೋಡಬೇಕಿತ್ತು.

* * *

ಋಗ್ವೇದದಲ್ಲಿ ಸಿಕ್ಕಿದ್ದೆಲ್ಲ ಸಂಸ್ಕೃತದ್ದೇ ಆಗಬೇಕಿಲ್ಲ. ಅತ್ತ ಹೋದ ದ್ರಾವಿಡ ಮಾತುಗಳ ಚರ್ಚೆ ಕಿಟೆಲ್ ಕಾಲದಿಂದಲೂ ಇದೆ. ತಮಿಳಿನಲ್ಲಿ ಇಂದಿಗೂ ಮೊಳೆಗೆ ಆಣಿಯೇ. ನನ್ನ ಮಟ್ಟಿಗೆ ಇದು ಇತ್ತಲಿಂದ ಅತ್ತ ಹೋದದ್ದು.

* * *

ಆಣಿ ಯಾರದೆಂಬುದು ಆಮೇಲೆ ತೀರ್ಮಾನವಾಗಲಿ, ಪುಸ್ತಕ ನಾಳಿದ್ದು ಅಚ್ಚಿಗೆ ಹೋಗುತ್ತದೆ. ಈ ಯಂತ್ರಗಳನ್ನು ಬಿಚ್ಚಿ ಕೂರಿಸುವವನಾಗಿ ಹೇಳುತ್ತಿದ್ದೇನೆ.

ಮೊದಲು ‘ಸುರುಳಿ’ ತೆಗೆಯಿರಿ. ಜೋಡಿ ಕಾಯಿಲಿನ ಯಂತ್ರದಲ್ಲಿ ತಾಮ್ರದ ತಂತಿ ಸುತ್ತಿದ ಕಾಯಿಲೂ ಸುರುಳಿಯೇ. ಗುಂಡಿ ಒತ್ತಿಯೇ ಹಿಡಿದರೆ ಸುಟ್ಟುಹೋಗುವುದು ಅದು. ‘ಸುರುಳಿ ಬದಲಾಯಿಸಿ’ ಎಂದು ಓದಿದವರು ಯಾವುದನ್ನು ಬದಲಾಯಿಸಬೇಕು? ಇನ್ನು ಟಾರ್ಟಾಯ್ಸ್ ಎಂಬ ಹೆಸರಿನಲ್ಲಿ ಮಾರುವಂಥ ನಿಧಾನದ ಮೋಟರಿನಲ್ಲಿ ಸ್ಪ್ರಿಂಗ್ ಕೆಲಸ ಮಾಡುವುದು ನೆಟ್ಟಗಿನ ಉಕ್ಕಿನ ತಂತಿ, ಅದರಲ್ಲಿ ಸುರುಳಿಯೇ ಇಲ್ಲ. ಹಲಗೆಯ ಅಡಿಯಿಂದ ತೂತಿನ ಮೂಲಕ ಮೇಲೆ ಬಂದು, ಚೂಪು ಹಳಿಗಳನ್ನು ಕೂಡಿಸುವ ಅಡ್ಡಪಟ್ಟಿಯನ್ನು ಅದು ತಳ್ಳುತ್ತದೆ. ಯಂತ್ರದ ಜೊತೆಗೆ ಬರುವ ತಂತಿ 0.025 ಇಂಚು ದಪ್ಪ. ಹಲಗೆ ದಪ್ಪವಾದಷ್ಟೂ ಆ ತಂತಿ ಬಾಗಿಕೊಂಡು, ಹಳಿಯನ್ನು ಒತ್ತುವ ಬಲ ಕುಗ್ಗುತ್ತದೆ. ಆಗ 0.032 ಇಂಚಿನದು ಹಾಕುತ್ತಾರೆ. ‘ಸ್ಪ್ರಿಂಗ್ ತಂತಿ’ ಎಂದು ಬರೆದು ದಪ್ಪವನ್ನು ಪಕ್ಕದಲ್ಲೇ ಕೊಡಿ. ಪೆಕೊ ಕಂಪನಿಯ ಹಳಿಗವಲಿನ ಒಳಗೆ ಇನ್ನೊಂದು ಪುಟ್ಟ ಸ್ಪ್ರಿಂಗ್ ಇರುತ್ತದೆ, ಹಳಿಯನ್ನು ಒಂದು ಬದಿಗೆ ಒತ್ತಿ ಹಿಡಿಯುವುದು. ನಿಧಾನದ ಮೋಟರು ಕೂರಿಸುವಾಗ ಸಾಮಾನ್ಯವಾಗಿ ಅದನ್ನು ತೆಗೆದುಬಿಡುತ್ತಾರೆ. ಎರಡಕ್ಕೂ ಒಂದೇ ಹೆಸರಿಟ್ಟರೆ ತೆಗೆಯಬೇಕಾದ್ದು ಉಳಿದು, ಉಳಿಯಬೇಕಾದ್ದು ಹೋಗುತ್ತದೆ.

ತಿರುಪು ಒಳ್ಳೆಯ ಪದ. ತಿರುಪುಳಿ (ಸ್ಕ್ರೂಡ್ರೈವರ್) ಬಳಕೆಯಲ್ಲಿರುವಾಗ ತಿರುಪಿನ ಬಗ್ಗೆ ಅನುಮಾನವೇಕೆ? ಆದರೆ ಮರವನ್ನು ಕೊರೆದುಕೊಂಡು ಹೋಗುವ ಚೂಪುತುದಿಯದು ಬೇರೆ, ನಟ್ಟಿಗೆ ಕೂರುವ ಮೊಂಡುತುದಿಯದು ಬೇರೆ. ಮೊದಲನೆಯದನ್ನು ತಿರುಪುಮೊಳೆ, ಎರಡನೆಯದನ್ನು ನಟ್ಟಿನ ತಿರುಪು ಎಂದು ಬೇರ್ಪಡಿಸಿ. ಅಳತೆಯ ಗುರುತನ್ನು ಮಾತ್ರ ದಯವಿಟ್ಟು ಕನ್ನಡಿಸಬೇಡಿ. ಅಮೆರಿಕದ 2-56 ಎಂದರೆ 2.18 ಮಿ.ಮೀ. ದಪ್ಪ, ಇಂಚಿಗೆ 56 ಸುತ್ತು. ಎಂ2 ಎಂದರೆ 2 ಮಿ.ಮೀ. ದಪ್ಪ, ಸುತ್ತಿನಿಂದ ಸುತ್ತಿಗೆ 0.4 ಮಿ.ಮೀ. ಕಣ್ಣಿಗೆ ಎರಡೂ ಒಂದೇ. 2-56ರ ತೂತಿಗೆ ಎಂ2 ಹಾಕಿದರೆ ಸಡಿಲವಾಗಿ ತಿರುಗುತ್ತದೆ, ಹಿಡಿಯುವುದಿಲ್ಲ. ಎಂ2ರ ತೂತಿಗೆ 2-56 ಹಾಕಿದರೆ ಪ್ಲಾಸ್ಟಿಕ್ಕಿನ ಥ್ರೆಡ್ಡೇ ಹೋಗುತ್ತದೆ. ಹಳೆಯ ಬ್ರಿಟಿಷ್ 8 ಬಿಎ ಇನ್ನೂ ಮೋಸದ್ದು: 2.2 ಮಿ.ಮೀ. ದಪ್ಪ, 0.43ರ ಸುತ್ತು. ‘ಎರಡು ಮಿಲಿಮೀಟರಿನ ತಿರುಪು’ ಎಂಬ ಅಚ್ಚುಕಟ್ಟಾದ ಕನ್ನಡ ಈ ಮೂರನ್ನೂ ಒಂದೇ ಮಾಡಿಬಿಡುತ್ತದೆ.

ಕಡಾಣಿ ನನಗೂ ಇಷ್ಟ, ಆದರೆ ತೂತಿನ ಮೂಲಕ ಹಾಯುವ ಪಿನ್ನಿಗೆ ಮಾತ್ರ. ‘ಇ’ ಆಕಾರದ ಕ್ಲಿಪ್ಪು ತೂತಿಗೆ ಹೋಗುವುದೇ ಇಲ್ಲ, ಕಡ್ಡಿಯ ಸುತ್ತ ಕೊರೆದ ತೋಡಿಗೆ ಬದಿಯಿಂದ ಕಚ್ಚಿಕೊಳ್ಳುತ್ತದೆ. ಅದು ಕ್ಲಿಪ್ಪಾಗಿಯೇ ಇರಲಿ.

* * *

ನಟ್ಟು, ಕ್ಲಿಪ್ಪು, ಥ್ರೆಡ್ಡು, ಸ್ಪ್ರಿಂಗು. ಕನ್ನಡದ್ದು ಅಂತ ಉಳಿದದ್ದು ವಿಭಕ್ತಿ ಪ್ರತ್ಯಯ ಮಾತ್ರ.

* * *

ವಿಭಕ್ತಿ ಹತ್ತಿತೆಂದರೆ ಪದ ಕನ್ನಡದ್ದಾಯಿತು. ಚಾವಿ, ಅಲಮಾರು ಪೋರ್ಚುಗೀಸಿನಿಂದ ಬಂದವು. ಈಗ ಅವನ್ನು ಯಾರಾದರೂ ಹೊರಗಿನವು ಅನ್ನುತ್ತಾರೆಯೇ?

* * *

ಚಾವಿ ಬಂದಾಗ ನಮ್ಮಲ್ಲಿ ಪದವಿಲ್ಲದೆ ಇರಲಿಲ್ಲ, ‘ಬೀಗದ ಕೈ’ ಇತ್ತು. ಅದು ಈಗ ಎಷ್ಟು ಮಂದಿಯ ಬಾಯಲ್ಲಿದೆ? ಇಲ್ಲದ್ದನ್ನು ತರುವುದಕ್ಕೆ ನನ್ನ ಅಡ್ಡಿಯಿಲ್ಲ, ಕ್ಲಿಪ್ಪು ಬರಲಿ. ಇದ್ದುದನ್ನು ಕೈಬಿಟ್ಟು ತರುವುದು ನನಗೆ ಸಂಕಟ. ಬಿಲ್ಲೆಯನ್ನಾದರೂ ‘ವಾಷರ್’ ಮಾಡಬೇಡಿ ಎಂದು ಕೇಳಿಕೊಳ್ಳುತ್ತೇನೆ.

* * *

ಎಲ್ಲರಿಗೂ ವಂದನೆ. ಹಳಿಗವಲು, ಪಾಯಿಂಟ್ ಮೋಟರು, ಸ್ಪ್ರಿಂಗ್ ತಂತಿ, ತಿರುಪುಮೊಳೆ, ನಟ್ಟಿನ ತಿರುಪು, ಬಿಲ್ಲೆ, ಕಡಾಣಿ, ಇ-ಕ್ಲಿಪ್ಪು ಎಂದು ಹಾಕಿ ಕೊಡುತ್ತಿದ್ದೇನೆ. 2-56, ಎಂ2, 8 ಬಿಎ ಇದ್ದ ಹಾಗೇ ಇರುತ್ತವೆ. ಒಂದು ಉಳಿದಿದೆ. ಟಾರ್ಟಾಯ್ಸ್‌ನಲ್ಲಿ ಸ್ಪ್ರಿಂಗ್ ತಂತಿಗೆ ಆನಿಕೊಳ್ಳಲು ಒಂದು ತುಂಡು ಇದೆ. ಅದನ್ನು ಮೇಲೆ ಕೆಳಗೆ ಜಾರಿಸಿದರೆ ತಂತಿಯ ತುದಿ ಎಷ್ಟು ದೂರ ಸರಿಯಬೇಕೆಂಬುದು ಬದಲಾಗುತ್ತದೆ. ‘ಆನಿಕೆ’ ಸಾಕೇ, ‘ಜಾರಾನಿಕೆ’ ಬೇಕೇ?

* * *

ಆನಿಕೆ ಸಾಕು. ಜಾರುವುದನ್ನು ಚಿತ್ರದಲ್ಲಿ ಬಾಣ ಹಾಕಿ ತೋರಿಸಿ.